ನಕ್ಷೆಯ ಬೆನ್ನು

ದಾವಣಗೆರೆಯಲ್ಲಿ ಗೃಹಪ್ರವೇಶದ ಊಟಕ್ಕೆ ಹೋದರೆ ಈಚೆಗೆ ಹಾಲಿನ ಗೋಡೆಯ ಮೇಲೆ ಒಂದು ಹಳೇ ನಕ್ಷೆ ಇದ್ದೇ ಇರುತ್ತದೆ. ಬಂಗಾರದ ಬಣ್ಣದ ಫ್ರೇಮು, ಒಳಗೆ ಟೀ ಸೋಸಿದಂಥ ಕಾಗದ, ಅದರ ನಡುವೆಲ್ಲೋ ಟಿಪ್ಪುವಿನ ರಾಜ್ಯ. “ಒರಿಜಿನಲ್ ಐತ್ರಿ, ಇನ್ನೂರು ವರ್ಷದ್ದು” ಎನ್ನುತ್ತಾರೆ ಯಜಮಾನರು. ಬಗ್ಗಿ ನೋಡಿದರೆ ಗಾಜಿನಲ್ಲಿ ಕಾಣುವುದು ಟ್ಯೂಬ್‌ಲೈಟು ಮತ್ತು ನೋಡುವವರ ಮೂಗು.

ಅಚ್ಚಾದ ಹಳೇ ನಕ್ಷೆಯ ಜಾತಕವೆಲ್ಲ ಇರುವುದು ಅಂಚಿನಲ್ಲಿ ಮತ್ತು ಬೆನ್ನಿನಲ್ಲಿ. ಫ್ರೇಮಿನವರು ಮೊದಲು ಮುಚ್ಚುವುದೂ ಅವೆರಡನ್ನೇ. ತಾಮ್ರದ ತಗಡಿನಲ್ಲಿ ಕೆತ್ತಿ, ಗೀರುಗಳಿಗೆ ಮಸಿ ತುಂಬಿ, ಒದ್ದೆ ಕಾಗದವಿಟ್ಟು ರೋಲರಿನಡಿ ಒತ್ತಿದಾಗ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಕೂತುಬಿಡುತ್ತದೆ. ಅದನ್ನು ಕಾಣಬೇಕಾದರೆ ಟಾರ್ಚನ್ನು ಪಕ್ಕದಿಂದ, ಕಾಗದದ ಮಟ್ಟಕ್ಕೆ ಮಲಗಿಸಿ ಹಿಡಿಯಬೇಕು. ಆಮೇಲೆ ಹತ್ತು ಪಟ್ಟಿನ ಭೂತಗನ್ನಡಿ. ಬಣ್ಣದ ಜಾಗದಲ್ಲಿ ನೀಲಿ, ಕೆಂಪು, ಹಳದಿ ಚುಕ್ಕಿಗಳು ಸಾಲಾಗಿ ಕಂಡರೆ ಅದು ಆಫ್‌ಸೆಟ್ ಪ್ರಿಂಟು, ಮಂಡಕ್ಕಿ ಮಿರ್ಚಿ ತಿಂದು ಮನೆಗೆ ಹೊರಡಬಹುದು. ಕೈಯಲ್ಲಿ ಬಳಿದ ಬಣ್ಣವಾದರೆ ಅಲ್ಲಲ್ಲಿ ಗಡಿಗೆರೆ ದಾಟಿ ಆಚೆ ಹರಿದಿರುತ್ತದೆ. ತಗ್ಗಿಲ್ಲದ ಮಾತ್ರಕ್ಕೆ ನಕಲಿ ಎಂದು ಕೂಗುವ ಪಂಡಿತರೂ ಇದ್ದಾರೆ. ನುಣುಪಾದ ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿನಲ್ಲಿ ತಗ್ಗು ಬೀಳುವುದೇ ಇಲ್ಲ ಮಾರಾಯ್ರೆ. 19ನೇ ಶತಮಾನದ ಎಷ್ಟೋ ನಕ್ಷೆಗಳು ಕಲ್ಲಚ್ಚಿನವು.

ಮುಖದ ಕಡೆ ನೋಡುವುದರಲ್ಲಿ ಒಂದು ಸುಖವಿದೆ, ಊರುಗಳ ಹೆಸರು. ಚಿತ್ರದುರ್ಗವನ್ನು ‘ಚಿಟಲ್‌ಡ್ರೂಗ್’ ಎಂದು ಬರೆದದ್ದು ಕಂಡು ಎಲ್ಲರೂ ನಗುತ್ತಾರೆ. ಏಳು ಸುತ್ತಿನ ಕೋಟೆ ಕೊನೆಗೂ ಸೋತದ್ದು ಸ್ಪೆಲಿಂಗಿಗೆ! ಆದರೆ ಊರಿಗೆ ಚಿತ್ರಕಲ್ಲುದುರ್ಗವೆಂಬ ಹೆಸರೂ ಇತ್ತು; ಆ ಲಕಾರ ಅಲ್ಲಿಂದ ಬಂದದ್ದಿರಬೇಕು. ಇನ್ನು ಹರಿಹರ: ಎಚ್, ಯು, ಎರಡು ಆರ್, ವೈ, ಮತ್ತೆ ಎಚ್, ಯು, ಆರ್. ‘ಹುರ್ರಿಹುರ್’ ಎಂದು ಓದಿ ನಗುವುದು ಓದುವವರ ತಪ್ಪು. ‘ಬಟ್’ ಎನ್ನುವಾಗ ಇಂಗ್ಲಿಷಿನ ಯು ಅಕ್ಷರ ಅಕಾರ ತಾನೆ? ಆ ಲೆಕ್ಕದಲ್ಲಿ ಓದಿದರೆ ಸ್ಪಷ್ಟವಾಗಿ ಹರಿ, ಹರ. ಇಂಗ್ಲಿಷಿನಲ್ಲಿ ಅವಸರಕ್ಕೂ ಅದೇ ಸ್ಪೆಲಿಂಗು ಎಂಬುದು ಬೇರೆ ವಿಷಯ. ತುಂಗಭದ್ರೆಯ ದಡದಲ್ಲಿ ಅರ್ಧ ಹರಿ, ಅರ್ಧ ಹರನಾಗಿ ನಿಂತ ದೇವರಿಗೆ ಅವಸರವೆಲ್ಲಿಯದು? 1870ರ ದಶಕದಲ್ಲಿ, ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಂಟರ್ ಪದ್ಧತಿ ಬಂದು ಯು ಎಂದರೆ ಉಕಾರ, ಎ ಎಂದರೆ ಅಕಾರ ಎಂದಾಯಿತು. ಹಾಗಾದರೆ ಕಾಗುಣಿತ ನೋಡಿಯೇ ಕಾಲ ಹೇಳಬಹುದಲ್ಲ ಎನಿಸುತ್ತದೆ. ಹೇಳುವವರೂ ಇದ್ದಾರೆ, ನಂಬಬೇಡಿ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 1903ರ 11ನೇ ಸಂಪುಟದಲ್ಲೂ ಜಿಲ್ಲೆಯ ಹೆಸರು ಚಿಟಲ್‌ಡ್ರೂಗ್, ಎರಡೂ ‘ಓ’ಗಳ ಸಮೇತ. ಪದ್ಧತಿ ಬದಲಾದರೂ ಗುಮಾಸ್ತರ ಕೈ ಬದಲಾಗಲಿಲ್ಲ.

ಎಲ್ಲೋ ಹೋದೆವು. ಬೆನ್ನಿನ ಮಾತಲ್ಲವೇ? ಕಾಗದವನ್ನು ಬೆಳಕಿಗೆ ಹಿಡಿದರೆ ಸುಮಾರು ಒಂದಿಂಚಿಗೊಂದರಂತೆ ನೆಟ್ಟಗಿನ ಗೆರೆಗಳು, ಅವಕ್ಕೆ ಅಡ್ಡವಾಗಿ ಒತ್ತೊತ್ತು ಗೆರೆಗಳು ಕಾಣಬಹುದು; ಕಾಗದ ಎತ್ತಿದ ತಂತಿಜಾಲರಿಯ ಗುರುತು ಅವು. 1794ರಿಂದಾಚೆ ಇಂಗ್ಲಿಷ್ ಕಾಗದದ ನೀರ್ಗುರುತಿನಲ್ಲಿ (ವಾಟರ್‌ಮಾರ್ಕ್) ಇಸವಿಯೇ ಸಿಗುವುದುಂಟು. ನಕ್ಷೆಯಲ್ಲಿ 1793 ಎಂದಿದ್ದು ಕಾಗದದಲ್ಲಿ 1804 ಇದ್ದರೆ ಮೋಸವೇನಲ್ಲ. 1735ರ ಇಂಗ್ಲೆಂಡಿನ ಕೃತಿಸ್ವಾಮ್ಯದ ಕಾನೂನಿನಿಂದಾಗಿ ತಗಡಿನ ಮೇಲೆ ಪ್ರಕಟಣೆಯ ದಿನಾಂಕ ಕೆತ್ತುವುದು ರೂಢಿಯಾಯಿತು. ಅದೇ ತಗಡಿನಲ್ಲಿ ವರ್ಷಗಟ್ಟಲೆ ಅಚ್ಚು ಹೊಡೆಯುತ್ತಿದ್ದರು. ಗಡಿಗೆ ಬಳಿದ ಹಸಿರು ತಾಮ್ರದ ಕಿಲುಬಿನದಾಗಿದ್ದರೆ, ಮುಂದೆ ಹಸಿರಿರುವಲ್ಲೆಲ್ಲ ಹಿಂದೆ ಕಂದು ಬಣ್ಣ ಇಳಿದಿರುತ್ತದೆ, ಕೆಲವೆಡೆ ಕಾಗದ ಬಿರುಕು ಬಿಟ್ಟಿರುತ್ತದೆ. ಕಾಫಿ ಡಿಕಾಕ್ಷನ್ ಬಳಿದು ಮುಪ್ಪು ತರಿಸಿದ ಕಾಗದದಲ್ಲಿ ಬಣ್ಣ ಹೀಗೆ ಗಡಿಗೆರೆಯ ಗುಂಟವೇ ಇಳಿಯುವುದಿಲ್ಲ.

ಹರಿದರೆ ಗೋಧಿಯ ಪಿಷ್ಟದ ತೆಳು ಅಂಟು, ತೆಳು ಕಾಗದ ಸಾಕು. ನಾಳೆ ಬಿಡಿಸಬೇಕೆನಿಸಿದಾಗ ನೀರು ಸೋಕಿಸಿದರೆ ಬಿಚ್ಚಿಕೊಳ್ಳುತ್ತದೆ. ಲ್ಯಾಮಿನೇಷನ್ ಮಾಡಿಸಿ ತಂದು “ಸೇಫ್ ಮಾಡೀವ್ರಿ” ಎನ್ನುವವರಿಗೆ ಏನು ಹೇಳುವುದು? ಬಿಸಿಗೆ ಕರಗಿ ಹತ್ತಿದ ಪ್ಲಾಸ್ಟಿಕ್ಕನ್ನು ಬಿಡಿಸಹೋದರೆ ಮಸಿಯೂ ಜೊತೆಗೆ ಬರುತ್ತದೆ.

ಹೀಗೆಲ್ಲ ವಿವರಿಸಿ, ಫ್ರೇಮು ಇಳಿಸಿ ಒಮ್ಮೆ ಹಿಂದುಗಡೆ ನೋಡೋಣವೇ ಎಂದರೆ ಯಜಮಾನರು ಎಲೆಯ ಮುಂದಿನಿಂದಲೇ ಹೇಳುತ್ತಾರೆ: “ಹಿಂದ್ಗಡೆ ಏನೂ ಇಲ್ರೀ. ಸುಕ್ಕಾಗಬಾರ್ದು ಅಂತ ಫೆವಿಕಾಲ್ ಹಚ್ಚಿ ಪ್ಲೈವುಡ್ಡಿಗೆ ಅಂಟಿಸ್ಬಿಟ್ಟಾರೆ.”