ಅರುವತ್ತರ ಫಲಕವೂ ಒಂಬತ್ತು ನಿಮಿಷದ ಲಾಭವೂ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಕುಂದಾಪುರದವರೆಗೆ ಅಲ್ಲಲ್ಲಿ ಕೆಂಪು ವೃತ್ತದೊಳಗೆ ಅಂಕಿ ಬರೆದ ವೇಗಮಿತಿಯ ಫಲಕಗಳನ್ನು ನೆಟ್ಟಿದ್ದಾರೆ. ಇವು ಯಾರಿಗಾಗಿ ಎಂಬ ಪ್ರಶ್ನೆಯಲ್ಲಿ ನಮ್ಮ ಕರಾವಳಿಯಲ್ಲಿ ಅಪೂರ್ವವಾದ ಒಮ್ಮತವಿದೆ. ರಾಜಕೀಯದಲ್ಲಿ, ಯಕ್ಷಗಾನದ ತೆಂಕು ಬಡಗಿನಲ್ಲಿ, ಬಂಗುಡೆ ಗಸಿಗೆ ಹಾಕಬೇಕಾದ ಹುಳಿಯಲ್ಲಿ ಕೂಡ ಒಂದಾಗದವರು ಇಲ್ಲಿ ಒಂದಾಗಿದ್ದಾರೆ: ಫಲಕ ಇರುವುದು ಬೇರೆಯವರಿಗೆ. ಕಾರಿನವರ ಅಭಿಪ್ರಾಯದಲ್ಲಿ ಅದು ಎಕ್ಸ್‌ಪ್ರೆಸ್ ಬಸ್ಸಿನವರಿಗೆ. ಬಸ್ಸಿನವರ ಅಭಿಪ್ರಾಯದಲ್ಲಿ ಪಣಂಬೂರಿನಿಂದ ಹೊರಡುವ ಗ್ಯಾಸ್ ಟ್ಯಾಂಕರಿನವರಿಗೆ. ಟ್ಯಾಂಕರಿನವರ ಅಭಿಪ್ರಾಯದಲ್ಲಿ ಕೇರಳ ನೋಂದಣಿಯ ಕಾರುಗಳಿಗೆ. ಕೇರಳದಿಂದ ಬಂದವರಿಗೆ ಕನ್ನಡ ಓದಲು ಬಾರದು. ಅರುವತ್ತು ಎಂಬ ಅಂಕಿಯೂ ಕನ್ನಡದ್ದೇ ಇರಬೇಕೆಂದು ಅವರು ತಿಳಿದಿರುವಂತೆ ತೋರುತ್ತದೆ.

ಹಾಗೆಂದು ನಮ್ಮವರಿಗೆ ಕಾನೂನಿನ ಜ್ಞಾನವಿಲ್ಲವೆಂದು ಯಾರೂ ಭಾವಿಸಬಾರದು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಕಾರುಗಳ ಗರಿಷ್ಠ ವೇಗವನ್ನು ಪ್ರವೇಶ ನಿಯಂತ್ರಿತ ಎಕ್ಸ್‌ಪ್ರೆಸ್‌ವೇಗಳಲ್ಲಿ ಗಂಟೆಗೆ 120 ಕಿಲೋಮೀಟರ್, ವಿಭಜಕವಿರುವ ನಾಲ್ಕು ಪಥದ ರಸ್ತೆಗಳಲ್ಲಿ 100, ಪುರಸಭೆ ನಗರಸಭೆಗಳ ವ್ಯಾಪ್ತಿಯಲ್ಲಿ 70 ಎಂದು ನಿಗದಿಪಡಿಸಿದ್ದು ಇಲ್ಲಿನ ಪ್ರತಿಯೊಂದು ಕಾರಿನ ಮಾಲೀಕರಿಗೂ ಗೊತ್ತಿದೆ. ಆದರೆ ಆ ಅಧಿಸೂಚನೆಯನ್ನು ಅವರು ಮೇಲಿನಿಂದ ಕೆಳಗೆ ಓದಲು ಆರಂಭಿಸಿ ಮೊದಲ ಸಾಲಿನಲ್ಲೇ ತೃಪ್ತರಾಗಿ ನಿಲ್ಲಿಸಿದ್ದಾರೆ. 'ಪ್ರವೇಶ ನಿಯಂತ್ರಿತ' ಎಂಬ ವಿಶೇಷಣವಂತೂ ಯಾರ ಕಣ್ಣಿಗೂ ಬಿದ್ದಂತಿಲ್ಲ. ನಮ್ಮ ಹೆದ್ದಾರಿಗೆ ಪ್ರವೇಶ ಪಡೆಯಲು ಇಂಥ ಕಡೆಯೇ ಬರಬೇಕೆಂಬ ನಿರ್ಬಂಧವಿಲ್ಲ. ಉಚ್ಚಿಲದಲ್ಲಿ ಮೀನಿನ ಬುಟ್ಟಿ ಹೊತ್ತವರು, ಕಾಪುವಿನಲ್ಲಿ ಶಾಲೆ ಬಿಟ್ಟ ಮಕ್ಕಳು, ಕಟಪಾಡಿಯಲ್ಲಿ ಮಲ್ಲಿಗೆ ಕಟ್ಟೆಗೆ ಹೊರಟವರು, ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹಿಡಿಯಬೇಕಾದವರು, ಜೊತೆಗೆ ಯಾವ ಊರಿನವೆಂದು ಹೇಳಲಾಗದ ದನಗಳು, ಎಲ್ಲರೂ ತಮಗೆ ಅನುಕೂಲವಾದಲ್ಲಿ ರಸ್ತೆಗೆ ಇಳಿಯುತ್ತಾರೆ. ಊರುಗಳ ನಡುವೆ ಹಾದುಹೋಗುತ್ತಿದ್ದ ಹಳೆಯ ರಸ್ತೆಯನ್ನು ಅಗಲ ಮಾಡಿ ನಡುವೆ ವಿಭಜಕ ಕಟ್ಟಿದ್ದಾರೆ. ಊರುಗಳನ್ನು ಪಕ್ಕಕ್ಕೆ ಸರಿಸಿಲ್ಲ. ಊರುಗಳು ತಾವಾಗಿಯೇ ಸರಿಯುತ್ತವೆ ಎಂಬ ನಂಬಿಕೆಯಲ್ಲಿ ವಾಹನಗಳು ಓಡುತ್ತಿವೆ.

ಈ ವಿಷಯದ ಚರ್ಚೆ ಎಲ್ಲೇ ನಡೆಯಲಿ, ಜರ್ಮನಿಯ ಆಟೋಬಾನ್‌ಗಳಲ್ಲಿ ವೇಗಮಿತಿಯೇ ಇಲ್ಲವೆಂದು ಸಾರುವ ವಿದ್ವಾಂಸರೊಬ್ಬರು ಹಾಜರಿರುತ್ತಾರೆ. ಬನ್ಸು, ಗೋಳಿಬಜೆಗಳ ನಡುವೆ ಅವರು ಮಂಡಿಸುವ ವಾದದಲ್ಲಿ ಅರ್ಧದಷ್ಟು ಸತ್ಯವಿದೆ. ಅಲ್ಲಿ ಬಹುಪಾಲು ದೂರಕ್ಕೆ ಕಡ್ಡಾಯ ಮಿತಿಯಿಲ್ಲ; ಆದರೆ 1978ರಿಂದ 130 ಕಿಲೋಮೀಟರಿನ ಶಿಫಾರಸು ಇದೆ, ಪಾದಚಾರಿಗಳಿಗೂ ಸೈಕಲ್ಲಿಗೂ ಪ್ರವೇಶವಿಲ್ಲ, ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚು ಓಡಲಾರದ ವಾಹನವನ್ನು ಒಳಗೆ ಬಿಡುವುದೇ ಇಲ್ಲ, ನಿಧಾನದ ಪಥದಲ್ಲಿ ನುಸುಳಿ ಮುಂದೆ ಹೋಗುವುದು ಅಪರಾಧ. ಈ ಉಳಿದರ್ಧವನ್ನು ಹೇಳಲು ಹೊರಟರೆ ವಿದ್ವಾಂಸರು ಕೈಗಡಿಯಾರ ನೋಡಿಕೊಂಡು ಎದ್ದುಬಿಡುತ್ತಾರೆ. ಅವರಿಗೆ ಯಾವಾಗಲೂ ಅವಸರ. ಜರ್ಮನಿಯ ವೇಗವನ್ನು ಮಾತ್ರ ಆಮದು ಮಾಡಿಕೊಂಡು ಶಿಸ್ತನ್ನು ಸುಂಕದ ಕಟ್ಟೆಯಲ್ಲೇ ಬಿಟ್ಟು ಬಂದ ಈ ವ್ಯಾಪಾರದಲ್ಲಿ ಲಾಭ ಯಾರಿಗಾಯಿತೆಂದು ಉದ್ಯಾವರದ ಸೇತುವೆಯ ಬಳಿ ಎದುರು ದಿಕ್ಕಿನಿಂದ, ನಮ್ಮದೇ ಪಥದಲ್ಲಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬರುವ ಸ್ಕೂಟರಿನವರನ್ನು ಕೇಳಬೇಕು.

ಗಲ್ಫಿನಿಂದ ರಜೆಯಲ್ಲಿ ಬರುವವರದ್ದು ಇನ್ನೊಂದು ಅಧ್ಯಾಯ. ವರ್ಷದ ಹನ್ನೊಂದು ತಿಂಗಳು ದುಬೈ, ಅಬುಧಾಬಿಗಳ ರಸ್ತೆಗಳಲ್ಲಿ ಅವರಷ್ಟು ವಿಧೇಯ ಚಾಲಕರು ಸಿಗುವುದು ಕಷ್ಟ. ಅಬುಧಾಬಿಯಲ್ಲಿ ಫಲಕದ ಅಂಕಿಯ ಮೇಲೆ ಕೊಡುತ್ತಿದ್ದ 20 ಕಿಲೋಮೀಟರಿನ ವಿನಾಯಿತಿಯನ್ನು 2018ರಲ್ಲಿ ತೆಗೆದುಹಾಕಿದಾಗಲೂ ಅವರು ಚಕಾರವೆತ್ತಲಿಲ್ಲ. ಅಂಕಿಯನ್ನು ಹೊಸದಾಗಿ ಬಾಯಿಪಾಠ ಮಾಡಿಕೊಂಡರು. ಅಂಥವರು ಬಜ್ಪೆಯಲ್ಲಿ ವಿಮಾನವಿಳಿದು, ಭಾವನ ಕಾರಿನ ಕೀಲಿಕೈ ಪಡೆದು, ಕೂಳೂರು ಸೇತುವೆ ದಾಟುವಷ್ಟರಲ್ಲಿ ಬೇರೆಯೇ ಮನುಷ್ಯರಾಗಿರುತ್ತಾರೆ. "ಅಲ್ಲಿ ಕ್ಯಾಮೆರಾ ಉಂಟು ಮಾರಾಯ್ರೆ, ಇಲ್ಲಿ ಎಂತ ಉಂಟು?" ಎಂಬ ಅವರ ಪ್ರಶ್ನೆಗೆ, ಇಲ್ಲಿ ನಿಮ್ಮ ಅಕ್ಕನ ಮಕ್ಕಳು ರಸ್ತೆ ದಾಟುತ್ತಾರೆ ಎಂಬ ಉತ್ತರ ಸಾಲದು. ಕ್ಯಾಮೆರಾಕ್ಕೆ ಇರುವ ಗೌರವ ಅಕ್ಕನ ಮಕ್ಕಳಿಗೆ ಬರಲು ಕಾಲ ಬೇಕು.

ಶ್ರೀಮನ್ಮಧ್ವಾಚಾರ್ಯರು ತಾರತಮ್ಯವನ್ನು ಬೋಧಿಸಿದ ಈ ನೆಲದಲ್ಲಿ, ಆ ತತ್ತ್ವವನ್ನು ಅದರ ದೇವತಾವಿಷಯದಿಂದ ಬಿಡಿಸಿ ಹೆದ್ದಾರಿಗೆ ಅನ್ವಯಿಸಿದ ಕೀರ್ತಿ ನಮ್ಮ ಚಾಲಕರಿಗೆ ಸಲ್ಲಬೇಕು. ಬಸ್ಸು ಕಾರಿಗಿಂತ ಉತ್ತಮ. ದೊಡ್ಡ ಕಾರು ಸಣ್ಣ ಕಾರಿಗಿಂತ ಉತ್ತಮ. ಸಣ್ಣ ಕಾರು ಬೈಕಿಗಿಂತ, ಬೈಕು ರಿಕ್ಷಾಕ್ಕಿಂತ. ನಡೆದು ಹೋಗುವವನು ಎಲ್ಲಕ್ಕಿಂತ ಕೆಳಗೆ. ಮೇಲಿನವನು ಹಿಂದಿನಿಂದ ಬಂದು ಹೆಡ್‌ಲೈಟ್ ಮಿನುಗಿಸಿದರೆ ಕೆಳಗಿನವನು ಎಡಕ್ಕೆ ಸರಿಯುವುದು ಮರ್ಯಾದೆ. ಮಿತಿಯೊಳಗೆ ಓಡಿಸುವವರನ್ನು ಈ ವ್ಯವಸ್ಥೆಯಲ್ಲಿ ಯಾವ ಸ್ಥಾನದಲ್ಲಿ ಕೂರಿಸಬೇಕೆಂಬುದೇ ಜಿಜ್ಞಾಸೆಯಾಗಿದೆ. ಅವರನ್ನು ಹಾದುಹೋಗುವ ಪ್ರತಿಯೊಬ್ಬರೂ ಕತ್ತು ತಿರುಗಿಸಿ ನೋಡುತ್ತಾರೆ. ಆ ನೋಟದಲ್ಲಿ ಕೋಪಕ್ಕಿಂತ, ಕಾಯಿಲೆಯವರನ್ನು ಕಂಡಾಗಿನ ಕನಿಕರವೇ ಹೆಚ್ಚು.

ತಾರತಮ್ಯದ ತುದಿಯಲ್ಲಿರುವ ಎಕ್ಸ್‌ಪ್ರೆಸ್ ಬಸ್ಸಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಮೃದುವಾಗಲು ಬಯಸುತ್ತೇನೆ. ಪ್ರಯಾಣಿಕರ ಹಾಗೂ ಸರಕಿನ ಸಾರಿಗೆ ವಾಹನಗಳು 80 ಕಿಲೋಮೀಟರ್ ಮೀರದಂತೆ ವೇಗ ನಿಯಂತ್ರಕ ಅಳವಡಿಸಬೇಕೆಂದು ಕೇಂದ್ರ ಸರ್ಕಾರ 2015ರಲ್ಲೇ ಅಧಿಸೂಚನೆ ಹೊರಡಿಸಿದೆ. ಆ ಉಪಕರಣವಿರುವ ಬಸ್ಸು ನಮ್ಮ ಕಾರನ್ನು ಹೇಗೆ ಹಿಂದಿಕ್ಕಿತು ಎಂದು ನಾವು ಆಶ್ಚರ್ಯಪಡುವಾಗ, ನಮ್ಮ ಕಾರಿನ ಮುಳ್ಳು ಎಲ್ಲಿತ್ತೆಂಬ ಪ್ರಶ್ನೆಯನ್ನು ಯಾರೂ ಎತ್ತಬಾರದೆಂಬ ಒಳ ಒಪ್ಪಂದವಿದೆ. ಪಾಪ, ಬಸ್ಸಿನವರಿಗೆ ಟೈಮಿಂಗ್ ಉಂಟು. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಕೆಲವೇ ನಿಮಿಷ. ಮೂಲ್ಕಿಯಲ್ಲಿ ಒಬ್ಬರು ಅಜ್ಜಿ ಇಳಿಯಲು ಹೊತ್ತು ಮಾಡಿದರೆ ಆ ನಷ್ಟವನ್ನು ಪಡುಬಿದ್ರಿಯೊಳಗೆ ತುಂಬಿಸಿಕೊಳ್ಳಬೇಕು, ಇಲ್ಲವಾದರೆ ಟೈಮ್ ಕೀಪರ್ ಎದುರು ಎರಡು ಬಸ್ಸುಗಳ ಕಂಡಕ್ಟರುಗಳ ನಡುವೆ ನಡೆಯುವ ವಾಕ್ಸಮರವನ್ನು ತಾಳಮದ್ದಳೆಯ ಅರ್ಥಧಾರಿಗಳೂ ನಿಂತು ಕೇಳಬೇಕಾಗುತ್ತದೆ. ಬಸ್ಸಿನೊಳಗೆ ಕುಳಿತವರು ಇದನ್ನೆಲ್ಲ ಭಯದಿಂದ ಸಹಿಸುತ್ತಾರೆಂದು ತಿಳಿದರೆ ಅದು ಅನ್ಯಾಯ. ಹಿಂದಿನ ಬಸ್ಸು ನಮ್ಮದನ್ನು ದಾಟಿದ ಕ್ಷಣದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರಿಂದ ಹಿಡಿದು ಬ್ಯಾಂಕಿನ ಗುಮಾಸ್ತರವರೆಗೆ ಎಲ್ಲರ ಮುಖದಲ್ಲೂ ಕುಟುಂಬದ ಮಾನ ಹೋದಂಥ ಛಾಯೆ ಹರಡುತ್ತದೆ. ಅವರೇ ಬಸ್ಸಿನಿಂದ ಇಳಿದ ಮೇಲೆ ಬಸ್ಸುಗಳ ಧಾವಂತದ ವಿರುದ್ಧ ಪತ್ರಿಕೆಯ ವಾಚಕರ ವಾಣಿಗೆ ಬರೆಯುತ್ತಾರೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. 2019ರ ಜುಲೈಯಿಂದ ತಯಾರಾಗುವ ಕಾರುಗಳು 80 ಕಿಲೋಮೀಟರ್ ದಾಟಿದಾಗ ಬಿಟ್ಟು ಬಿಟ್ಟು, 120 ದಾಟಿದಾಗ ಎಡೆಬಿಡದೆ ಸದ್ದು ಮಾಡಬೇಕೆಂಬ ನಿಯಮ ಬಂದಿದೆ. ನಮ್ಮವರು ಈ ಸದ್ದನ್ನು ಎಚ್ಚರಿಕೆಯಾಗಿ ಸ್ವೀಕರಿಸದೆ ಹಿಮ್ಮೇಳವಾಗಿ ಸ್ವೀಕರಿಸಿದ್ದಾರೆ. ಆರಂಭದಲ್ಲಿ ತುಸು ಕಿರಿಕಿರಿಯಾಗಿದ್ದು ನಿಜ. ಭಜನೆಯ ಧ್ವನಿ ಏರಿಸಿದಾಗ ಅದೂ ಪರಿಹಾರವಾಯಿತು. ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯರು "ಎಂತದು ಮಗ, ಬಾಗಿಲು ಸರಿ ಹಾಕಲಿಲ್ಲವಾ?" ಎಂದು ಕೇಳಿದರೆ, "ಇಲ್ಲಜ್ಜ, ಗಾಡಿ ಒಳ್ಳೆ ಓಡ್ತಾ ಉಂಟು ಅಂತ ಹೇಳುವುದು" ಎಂಬ ಉತ್ತರ ಸಿದ್ಧವಿರುತ್ತದೆ.

ಇಷ್ಟೆಲ್ಲ ಸಾಹಸದಿಂದ ಗಳಿಸುವುದೇನೆಂದು ಲೆಕ್ಕ ಹಾಕುವ ಕೆಟ್ಟ ಚಾಳಿ ಕೆಲವರಿಗಿದೆ. ಮಂಗಳೂರಿನಿಂದ ಉಡುಪಿಗೆ ಉದಾರವಾಗಿ 60 ಕಿಲೋಮೀಟರ್ ಎಂದೇ ಹಿಡಿಯೋಣ. 80ರ ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೆ 45 ನಿಮಿಷ, 100ರಲ್ಲಿ 36. ಉಳಿತಾಯ ಒಂಬತ್ತು ನಿಮಿಷ. ಎಲ್ಲೂ ನಿಲ್ಲದೆ ಹೋಗುವುದು ಇಂದ್ರನಿಗೂ ಸಾಧ್ಯವಿಲ್ಲದ ಕಾರಣ ಈ ಒಂಬತ್ತರಲ್ಲಿ ಒಂದಷ್ಟು ಹೆಜಮಾಡಿಯ ಟೋಲಿನಲ್ಲಿ, ಮುಂದಿನ ಲಾರಿಯ ಫಾಸ್ಟ್‌ಟ್ಯಾಗ್ ಓದದೆ ಗೇಟು ಏಳದಿರುವಾಗ, ಸರ್ಕಾರಕ್ಕೆ ಸಮರ್ಪಣೆಯಾಗುತ್ತದೆ. ಉಳಿದದ್ದು ಪಡುಬಿದ್ರಿಯಲ್ಲಿ. ಹಳೆಯಂಗಡಿಯಲ್ಲಿ ನಾವು ಕನಿಕರದಿಂದ ನೋಡಿ ದಾಟಿ ಬಂದಿದ್ದ ನಿಧಾನದ ಕಾರು ಅಲ್ಲಿ ನಮ್ಮ ಪಕ್ಕದಲ್ಲೇ ಬಂದು ನಿಲ್ಲುತ್ತದೆ, ಮತ್ತು ಅದರ ಚಾಲಕರು ನಮ್ಮತ್ತ ನೋಡುವುದೂ ಇಲ್ಲ. ಅಂದಹಾಗೆ, ಒಂದು ಟೋಲಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತಿಗೆ ತಲುಪಿದೆವೆಂಬುದು ಅದೇ ಫಾಸ್ಟ್‌ಟ್ಯಾಗ್ ಲೆಕ್ಕದಲ್ಲಿ ದಾಖಲಾಗುತ್ತದೆ. ದೂರವನ್ನು ಆ ಸಮಯದಿಂದ ಭಾಗಿಸಲು ಐದನೆಯ ತರಗತಿಯ ಗಣಿತ ಸಾಕು. ಈ ವಾಕ್ಯವನ್ನು ಯಾವ ಅಧಿಕಾರಿಯೂ ಓದದಿರಲಿ ಎಂದು ನನ್ನ ಓದುಗರಲ್ಲಿ ಅನೇಕರು ಈಗಲೇ ಹರಕೆ ಹೊತ್ತಿರಬಹುದು.

ವೇಗದ ಬಗ್ಗೆ ನಮಗೆ ತಿಳಿವಳಿಕೆಯಿಲ್ಲವೆನ್ನಲು ಕಂಬಳದ ನಾಡಿನಲ್ಲಿ ಯಾರಿಗೂ ಬಾಯಿ ಬಾರದು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಬೆರಗಾಯಿತು. ಗಂಟೆಗೆ ಸುಮಾರು 38 ಕಿಲೋಮೀಟರಿನ ವೇಗವದು. ಅಷ್ಟಕ್ಕೇ ನಾವು ಮಾಡುವ ಏರ್ಪಾಡು ನೋಡಿ: ಕರೆಯೊಳಗೆ, ಅಂದರೆ ಕೋಣಗಳ ಓಟದ ಪಥದೊಳಗೆ, ನರಪಿಳ್ಳೆ ಇಳಿಯುವಂತಿಲ್ಲ, ಓಟ ಮುಗಿದಾಗ ಕೋಣಗಳು ನಿಲ್ಲಲು ಏರುಮುಖದ ಮಂಜೊಟ್ಟಿ ಇದೆ, ಲೇಸರ್ ತೋರಿಸಿದ ಅಂಕಿಯನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಅದೇ ಐಕಳದಿಂದ ಮೂಲ್ಕಿಗೆ ಇಳಿದು ಹೆದ್ದಾರಿ ಸೇರಿದೊಡನೆ 100ರ ವೇಗ ಸಾಮಾನ್ಯವಾಗುತ್ತದೆ. ಆ ವೇಗದಲ್ಲಿ ಎದುರಿಗೆ ಏನೋ ಇದೆಯೆಂದು ಅರಿವಾಗಿ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಕಾರು 28 ಮೀಟರ್ ಸಾಗಿರುತ್ತದೆ. ಬ್ರೇಕು ತಾಳಿಕೊಳ್ಳಬೇಕಾದ ಚಲನಶಕ್ತಿ 60ರಲ್ಲಿ ಇದ್ದುದರ ಎರಡೂಮುಕ್ಕಾಲು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ಇಲ್ಲಿ ಕರೆಯ ತುಂಬ ಜನ, ಮಂಜೊಟ್ಟಿ ಇಲ್ಲ. ಪೊಲೀಸರು ಹಿಡಿದ ಲೇಸರಿನ ಅಂಕಿಯನ್ನಂತೂ ಓಡಿಸಿದವರು ಒಪ್ಪಿದ ಉದಾಹರಣೆಯೇ ಇಲ್ಲ. "ನಿಮ್ಮ ಮೆಷಿನ್ನು ಸರಿ ಇಲ್ಲ ಸಾರ್, ನನ್ನದು ಎಪ್ಪತ್ತರ ಮೇಲೆ ಹೋಗುವ ಗಾಡಿಯೇ ಅಲ್ಲ" ಎಂದು, ಮೊನ್ನೆಯಷ್ಟೇ ಅದರ ಪಿಕಪ್ಪನ್ನು ಊರಿಡೀ ಹೊಗಳಿದವರು ಅತ್ಯಂತ ವಿನಯದಿಂದ ನಿವೇದಿಸುತ್ತಾರೆ.

ಲೇಸರ್ ಹಿಡಿದು ಪೊಲೀಸರು ನಿಂತ ದಿನವೇ ನಮ್ಮ ಸಮಾಜದ ಪರಸ್ಪರ ಸಹಕಾರವನ್ನು ನೋಡಬೇಕು. ದಾರಿ ಕೇಳಿದರೆ ಗಾಜು ಇಳಿಸದವರು, ಮಳೆಯಲ್ಲಿ ಕೆಟ್ಟು ನಿಂತ ಕಾರಿಗೆ ಕೆಸರು ಹಾರಿಸಿ ಹೋಗುವವರು, ಜಾತಿ ಮತ ಪಕ್ಷಗಳ ಭೇದವಿಲ್ಲದೆ ಎದುರಿನ ಪಥದ ಅಪರಿಚಿತರಿಗೆ ಹೆಡ್‌ಲೈಟ್ ಮಿನುಗಿಸಿ ಮುಂದೆ ಪೊಲೀಸರಿದ್ದಾರೆಂದು ತಿಳಿಸುತ್ತಾರೆ. ಮುಂದೆ ಗುಂಡಿ ಇದೆ, ದನ ಮಲಗಿದೆ, ಅಪಘಾತವಾಗಿದೆ ಎಂದು ತಿಳಿಸಲು ಈ ದೀಪ ಉರಿದದ್ದನ್ನು ನಾನು ಕಂಡಿಲ್ಲ.

ಇನ್ನು ಫಲಕಗಳ ಅವಸ್ಥೆ. ಅರುವತ್ತರ ಫಲಕದ ಕಂಬ ಹೆದ್ದಾರಿ ಬದಿಯಲ್ಲಿ ಅತ್ಯಂತ ಗಟ್ಟಿಯಾದ ಆಸರೆಯೆಂದು ಎಲ್ಲ ಸಮಿತಿಗಳಿಗೂ ಗೊತ್ತಿರುವುದರಿಂದ ಬ್ರಹ್ಮಕಲಶೋತ್ಸವದ ಸ್ವಾಗತ, ಶಾಸಕರ ಹುಟ್ಟುಹಬ್ಬ, ಮೇಳದ ಬಯಲಾಟ ಇವೆಲ್ಲದರ ಫ್ಲೆಕ್ಸುಗಳನ್ನು ಅದಕ್ಕೇ ಕಟ್ಟುತ್ತಾರೆ. ಕೆಲವೊಮ್ಮೆ ನಗುಮುಖದ ಯುವಕನೊಬ್ಬನ ಶ್ರದ್ಧಾಂಜಲಿಯ ಫ್ಲೆಕ್ಸು ಅಂಕಿಯನ್ನು ಪೂರ್ತಿಯಾಗಿ ಮುಚ್ಚಿರುತ್ತದೆ. ಕಟ್ಟಿದ ಗೆಳೆಯರು ಕೆಳಗೆ ತಮ್ಮ ಭಾವಚಿತ್ರಗಳನ್ನೂ ಹಾಕಿಸಿ, ಬೈಕು ಏರಿ, ಬಂದ ವೇಗದಲ್ಲೇ ಹಿಂತಿರುಗುತ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದೂ ಅವರಲ್ಲಿ ಶೇ. 71.2ರಷ್ಟು ಸಾವುಗಳಿಗೆ ಅತಿವೇಗ ಕಾರಣವೆಂದೂ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ನಮ್ಮಲ್ಲಿ ಯಾರನ್ನು ಕೇಳಿದರೂ ಕಾರಣ ತಿರುವು, ಗುಂಡಿ, ಜಾಗದ ದೋಷ ಅಥವಾ ಎದುರಿನವನು. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದರೆ ಪರಿಹಾರಕ್ಕೊಂದು ಹೋಮವೂ ನಡೆಯುತ್ತದೆ. ಆ ಹೋಮಕ್ಕೆ ಹೊತ್ತಾಯಿತೆಂದು ಪುರೋಹಿತರು ನೂರಹತ್ತರಲ್ಲಿ ಬರುತ್ತಾರೆ.

ಪೊಲೀಸರೂ ತಮ್ಮ ಕೈಲಾದದ್ದನ್ನು ಮಾಡಿದ್ದಾರೆ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ಪ್ರಕಟಿಸಿದಾಗ ನಮ್ಮ ಬೀದಿಯಲ್ಲಿ ಸಂತೋಷವೇ ಹರಡಿತು, ಏಕೆಂದರೆ 129ರವರೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತೆಂದು ಎಲ್ಲರೂ ಅರ್ಥಮಾಡಿಕೊಂಡರು. ದಂಡದ ವಿಷಯದಲ್ಲಂತೂ ಸರ್ಕಾರದ ಔದಾರ್ಯಕ್ಕೆ ಎಣೆಯಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ಇರುವ ಸಂಚಾರ ದಂಡಗಳ ಮೇಲೆ ಶೇ. 50ರ ರಿಯಾಯಿತಿ ಘೋಷಿಸಿದರು. 2025ರ ಆಗಸ್ಟ್‌ನಲ್ಲಿ ಪುನಃ ಕೊಟ್ಟರು. ಆಟಿ ತಿಂಗಳಿನಲ್ಲಿ ಜವಳಿ ಅಂಗಡಿಗಳು ಮಾಡುವ ಕೆಲಸವನ್ನು ಸರ್ಕಾರವೇ ಮಾಡತೊಡಗಿದ ಮೇಲೆ, ಅಪರಾಧವನ್ನು ಪೂರ್ಣ ದರದಲ್ಲಿ ಕೊಳ್ಳುವುದು ಮರ್ಯಾದಸ್ಥರಿಗೆ ತಕ್ಕುದಲ್ಲ ಎಂಬ ಭಾವನೆ ಬಲವಾಗಿದೆ.

ನಮ್ಮ ನೆರೆಮನೆಯವರ ಹೆಸರಿನಲ್ಲಿ ಅತಿವೇಗದ ದಂಡಗಳು ಹಲವು ಬಾಕಿ ಇವೆ. ಪಡುಬಿದ್ರಿಯ ಸಿಗ್ನಲ್ಲಿನಲ್ಲಿ ಅರ್ಧ ನಿಮಿಷ ನಿಲ್ಲಲು ಒಪ್ಪದ, ಅಂಬಲಪಾಡಿಯಲ್ಲಿ ಮುಂದಿನ ರಿಕ್ಷಾ ತುಸು ತಡೆದರೆ ಹಾರ್ನಿನಿಂದ ಕೈ ತೆಗೆಯದ ಈ ಮಹನೀಯರನ್ನು, ಅರ್ಧಕ್ಕೆ ಅರ್ಧ ಬಿಟ್ಟಿದ್ದರೂ ಯಾಕೆ ಕಟ್ಟಲಿಲ್ಲವೆಂದು ಕೇಳಿದೆ. ಅವರು ಜಗಲಿಯ ಆರಾಮಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ, "ಅವಸರ ಎಂತದಕ್ಕೆ ಮಾರಾಯ್ರೆ, ಬರುವ ವರ್ಷ ಎಪ್ಪತ್ತೈದು ಬಿಡಬಹುದು, ನೋಡುವ" ಎಂದರು.