ಇನ್ನೋವಾದ ಹಿಂದಿನ ಆರ್ಮ್ ಬೋಲ್ಟ್ ಗಾಳಿಯಲ್ಲಿ ಬಿಗಿಯಬೇಡಿ ಮಾರಾಯ್ರೇ

ಹಳೆ ಇನ್ನೋವಾ ಇಟ್ಟುಕೊಂಡವರಿಗೆ ಈ ಸದ್ದು ಗೊತ್ತಿರುತ್ತದೆ. ಕ್ಲಚ್ ಬಿಟ್ಟು ಹೊರಡುವಾಗ ಹಿಂದೆ ಒಂದು ‘ಟಕ್’, ಬ್ರೇಕ್ ಒತ್ತಿದಾಗ ಇನ್ನೊಂದು. ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಗಾಡಿಯ ಹಿಂಭಾಗ ಸ್ವಲ್ಪ ತೂಗುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಅದನ್ನೇ ಬದಲಿಸಿ ದುಡ್ಡು ಕಳೆದವರನ್ನು ಬೇಕಾದಷ್ಟು ನೋಡಿದ್ದೇನೆ. ಸದ್ದು ಹಾಗೇ ಇರುತ್ತದೆ, ಯಾಕಂದ್ರೆ ಹೋಗಿರುವುದು ಆರ್ಮ್‌ನ ಬುಷ್, ಅಂದ್ರೆ ಹಿಂದಿನ ಆಕ್ಸಲನ್ನು ಚಾಸಿಗೆ ಜೋಡಿಸುವ ಕಬ್ಬಿಣದ ತೋಳಿನ ತುದಿಯ ರಬ್ಬರ್.

2005ರಿಂದ ಬಿಡದಿಯಲ್ಲಿ ತಯಾರಾಗಿ ಬಂದ ಆ ಇನ್ನೋವಾದಲ್ಲಿ ಹಿಂದಿನ ಆಕ್ಸಲ್ ಒಂದೇ ತುಂಡು. ಅದು ಹಿಂದೆ ಮುಂದೆ ಸರಿಯದ ಹಾಗೆ ಹಿಡಿದಿರುವುದು ನಾಲ್ಕು ಆರ್ಮ್, ಮೇಲೆ ಎರಡು, ಕೆಳಗೆ ಎರಡು. ಅಡ್ಡಕ್ಕೆ ಸರಿಯದಂತೆ ಒಂದು ಲ್ಯಾಟರಲ್ ರಾಡ್. ಎಲ್ಲದರ ತುದಿಯಲ್ಲೂ ರಬ್ಬರ್ ಬುಷ್.

ಈ ಬುಷ್ ಬದಲಿಸುವ ಕೆಲಸ ಮನೆಯಲ್ಲೇ ಮಾಡಿ ಅಂತ ನಾನು ಹೇಳುವುದು ದುಡ್ಡು ಉಳಿಸಲಿಕ್ಕಲ್ಲ. ಬೋಲ್ಟ್ ಸರಿಯಾಗಿ ಬಿಗಿಯಲಿಕ್ಕೆ. ಬುಷ್ ಅಂದ್ರೆ ಬೇರಿಂಗ್ ಥರ ತಿರುಗುವ ವಸ್ತು ಅಲ್ಲ. ಒಳಗಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಕಚ್ಚಿ ಹಿಡಿಯುತ್ತದೆ, ಹೊರಗಿನದ್ದು ಆರ್ಮ್‌ಗೆ ಅಂಟಿರುತ್ತದೆ, ಆರ್ಮ್ ಮೇಲೆ ಕೆಳಗೆ ಆದಾಗ ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ ಅಷ್ಟೇ. ಗಾಡಿಯನ್ನು ಲಿಫ್ಟ್‌ಗೆ ಏರಿಸಿ, ಆಕ್ಸಲ್ ನೇತಾಡುವಾಗಲೇ ಬೋಲ್ಟ್ ಬಿಗಿಯುವ ಗನ್ ಹಿಡಿದು ‘ಟರ್ರ್’ ಅಂತ ಬಿಗಿದು ಇಳಿಸಿದರೆ? ನಿಂತ ಗಾಡಿಯಲ್ಲೂ ಆ ರಬ್ಬರ್ ಹಿಂಡಿಟ್ಟ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ಮೇಲಿಂದ ಶಿರಾಡಿ ಘಾಟಿಯ ಹೊಂಡಗಳು. ಬೇಗ ಹರಿಯದೆ ಇನ್ನೇನು? ಆಮೇಲೆ ‘ಪಾರ್ಟ್ ಡೂಪ್ಲಿಕೇಟ್’ ಅಂತ ಬೈಗುಳ ಅಂಗಡಿಯವನಿಗೆ.

ಒಂದೇ ತುಂಡಿನ ಆಕ್ಸಲ್ ಇರುವುದರಿಂದ ಇಲ್ಲಿ ದಾರಿ ಸುಲಭ. ಗಾಡಿ ಎತ್ತಿ ನಿಲ್ಲಿಸುವ ಸ್ಟ್ಯಾಂಡನ್ನು ಚಾಸಿಗೆ ಕೊಡಬೇಡಿ, ಆಕ್ಸಲ್ ಕೆಳಗೆ ಕೊಡಿ. ಆಗ ಚಕ್ರ ಬಿಚ್ಚಿದರೂ ಗಾಡಿಯ ಭಾರ ಸ್ಪ್ರಿಂಗ್ ಮೇಲೇ ಇರುತ್ತದೆ, ಆರ್ಮ್‌ಗಳು ರಸ್ತೆಯಲ್ಲಿ ಇರುವ ಕೋನದಲ್ಲೇ ಇರುತ್ತವೆ, ಬೋಲ್ಟ್ ಹಾಗೇ ಬಿಗಿದರೆ ರಬ್ಬರ್ ತಿರುಚುವುದಿಲ್ಲ. ಒಂದು ಸಲಕ್ಕೆ ಒಂದೇ ಆರ್ಮ್ ಬಿಚ್ಚಿ. ಹಾಕುವಾಗ ಬೋಲ್ಟಿನ ತೂತು ಕೂಡದಿದ್ದರೆ ಸುತ್ತಿಗೆ ತೆಗೆಯಬೇಡಿ, ಡಿಫ್ರೆನ್ಶಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡು) ಮೂತಿಯ ಕೆಳಗೆ ಸಣ್ಣ ಜ್ಯಾಕ್ ಇಟ್ಟು ನಿಧಾನಕ್ಕೆ ಎತ್ತಿ ಇಳಿಸಿ ನೋಡಿ. ಆಕ್ಸಲ್ ಚೂರು ತಿರುಗುತ್ತದೆ, ಬೋಲ್ಟ್ ತಾನಾಗಿ ಒಳಗೆ ಹೋಗುತ್ತದೆ.

ಮುಖ್ಯವಾದದ್ದು ಮರೆಯಬೇಡಿ. ಇದು ಹಿಂದಿನ ಚಕ್ರ ಎಳೆಯುವ ಗಾಡಿ. ಗೇರ್ ಹಾಕಿದರೂ, ಹ್ಯಾಂಡ್ ಬ್ರೇಕ್ ಎಳೆದರೂ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಅವೇ ಮೇಲೆ ಇದ್ದರೆ? ಅದಕ್ಕೇ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿ ಮರದ ತುಂಡು ಬೇಕೇ ಬೇಕು. ನೆಲ ಸಮ ಇರಬೇಕು. ಸಿಮೆಂಟ್ ಬ್ಲಾಕ್ ಮೇಲೆ ಗಾಡಿ ನಿಲ್ಲಿಸುವವರಿಗೆ ನಾನು ಏನೂ ಹೇಳುವುದಿಲ್ಲ, ಅವರ ಮನೆಯವರು ಹೇಳಲಿ.

ನಮ್ಮ ಕರಾವಳಿಯ ಮಳೆಗೆ ಬೋಲ್ಟ್‌ಗಳು ತುಕ್ಕು ಹಿಡಿದು ಒಳಗಿನ ಕೊಳವೆಗೇ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬರದಿದ್ದರೆ ಗ್ಯಾಸ್ ಬೆಂಕಿ ಮಾತ್ರ ಬೇಡ, ಬ್ರೇಕ್ ಪೈಪ್, ಡೀಸೆಲ್ ಪೈಪ್ ಎಲ್ಲ ಆಚೆ ಈಚೆ ಇರುತ್ತವೆ. ತಾಳ್ಮೆಯಿಂದ ಗರಗಸದಲ್ಲಿ ಕೊಯ್ದು ಹೊಸ ಬೋಲ್ಟ್ ಹಾಕಿ.

ಬರೀ ಬುಷ್ ತಂದರೆ ಅಗ್ಗ, ನಿಜ. ಆದರೆ ಅದನ್ನು ಕೂರಿಸಲಿಕ್ಕೆ ಪ್ರೆಸ್ ಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದು ಸೊಟ್ಟಗೆ ಕೂರುತ್ತದೆ. ಲೇತ್ ಅಂಗಡಿಯಲ್ಲಿ ಮಾಡಿಸಿ, ಇಲ್ಲವೇ ಇಡೀ ಆರ್ಮ್ ತನ್ನಿ. ನನ್ನ ಮತ ಇಡೀ ಆರ್ಮ್‌ಗೆ. ಬಿಗಿಯುವಾಗ ಪಾನಾಕ್ಕೆ ಪೈಪ್ ಸಿಕ್ಕಿಸಿ ಜೋತಾಡುವುದಲ್ಲ, ಮ್ಯಾನುವಲ್ ನೋಡಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಲ್ಲೇ ಬಿಗಿಯಿರಿ.

ಎಲ್ಲ ಮುಗಿದ ಮೇಲೆ ಯಾರಾದರೂ ‘ಹಿಂದಿನ ಚಕ್ರಕ್ಕೂ ಅಲೈನ್‌ಮೆಂಟ್ ಮಾಡ್ಬೇಕು ಸಾರ್’ ಅಂದರೆ, ಚಕ್ರದ ಕೋನವನ್ನು ಎಲ್ಲಿ ತಿರುಗಿಸಿ ಹೊಂದಿಸ್ತೀರಿ ಅಂತ ಒಮ್ಮೆ ಕೇಳಿ. ಈ ಆಕ್ಸಲ್‌ನಲ್ಲಿ ಹೊಂದಿಸಲಿಕ್ಕೆ ಅಂತ ಏನನ್ನೂ ಕೊಟ್ಟೇ ಇಲ್ಲ.