ಬಂಗುಡೆ ಎರಡು, ಅನ್ನ ಅರ್ಧ ಸೌಟು

ನಮ್ಮ ಕರಾವಳಿಯಲ್ಲಿ ಯಾರಾದರೂ ಸ್ವಲ್ಪ ಸಪೂರ ಆದರೆ ಸಾಕು ಮಾರಾಯ್ರೆ, ವಿಚಾರಣೆ ಶುರು. "ಎಂತ, ಹುಷಾರಿರ್ಲಿಲ್ವಾ?" "ಶುಗರ್ ಉಂಟಾ?" ಮೊನ್ನೆ ಮದುವೆ ಹಾಲಿನಲ್ಲಿ ದೂರದ ಸಂಬಂಧದ ಚಿಕ್ಕಮ್ಮ ಒಬ್ಬರು ನನ್ನ ಕೈ ಹಿಡಿದು ಸ್ವರ ತಗ್ಗಿಸಿ, "ಮಗಾ, ಎಲ್ಲಾ ಟೆಸ್ಟ್ ಮಾಡಿಸಿದ್ದಿಯಲ್ಲ?" ಅಂತ ಕೇಳಿದರು. ಮಾಡಿಸಿದ್ದೇನೆ ಚಿಕ್ಕಮ್ಮ. ಟೆಸ್ಟ್ ಮಾಡಿಸಿದ್ದರಿಂದಲೇ ಇಷ್ಟೆಲ್ಲ ಆದದ್ದು. ಅನ್ನ ತಗ್ಗಿಸಿ ನಾನು ಸಪೂರ ಆದ ಗುಟ್ಟನ್ನು ಇನ್‌ಬಾಕ್ಸಿಗೆ ಬಂದು ಕೇಳಿದವರೂ ತುಂಬಾ ಮಂದಿ ಇದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಉದ್ದಕ್ಕೆ ಬರೆದುಬಿಡುತ್ತೇನೆ.

ಲೆಕ್ಕ ಮೊದಲು ಹೇಳುತ್ತೇನೆ, ಯಾಕೆಂದರೆ ಎಲ್ಲರಿಗೂ ಬೇಕಾದದ್ದು ಅದೇ. ಐದು ಅಡಿ ಎರಡು ಇಂಚಿನ ನನಗೆ 83 ಕಿಲೋ ತೂಕ ಇತ್ತು. ಎಚ್‌ಬಿಎ1ಸಿ 6.3. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಆದರೆ ಒಳಗೇ ಬಂದಾಯಿತು. ರಕ್ತದಲ್ಲಿರುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್ 238, ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್. ಈಗ ತೂಕ 70, ಎಚ್‌ಬಿಎ1ಸಿ 5.6, ಟ್ರೈಗ್ಲಿಸರೈಡ್ 121. ಸೊಂಟ 98 ಸೆಂಟಿಮೀಟರಿನಿಂದ 85ಕ್ಕೆ ಬಂದಿದೆ. ನಮ್ಮ ದೇಶದ ಹೆಂಗಸರಿಗೆ 80ರ ಒಳಗೆ ಇರಬೇಕು, ಗಂಡಸರಿಗೆ 90. ಅಂದರೆ ನಾನಿನ್ನೂ ಪೂರ್ತಿ ಪಾಸಾಗಿಲ್ಲ.

ಇದು ನನ್ನೊಬ್ಬಳ ಕತೆಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 13.6 ಕೋಟಿ ಜನ ಹೊಸ್ತಿಲಲ್ಲಿ ಅಂತ ಲೆಕ್ಕ ಸಿಕ್ಕಿತು. ಅದೇ ಸಮೀಕ್ಷೆಯ ಆಹಾರದ ಭಾಗ ಹೇಳುವುದು, ನಮ್ಮ ಜನರ ಕ್ಯಾಲೊರಿಯಲ್ಲಿ ಸುಮಾರು ಶೇ 62 ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥ ಪಿಷ್ಟದಿಂದ, ಅಂದರೆ ಕಾರ್ಬೋಹೈಡ್ರೇಟಿನಿಂದ ಅಂತ. ನಮ್ಮ ಮನೆಯ ಲೆಕ್ಕ ಹಾಕಿದ್ದರೆ ಇನ್ನೂ ಮೇಲೆ ಹೋಗುತ್ತಿತ್ತೋ ಏನೋ.

ಯಾಕೆ ಅಂತ ನೋಡಿ. ಸೋಮವಾರ ನೀರುದೋಸೆ, ಮಂಗಳವಾರ ಪುಂಡಿ, ಬುಧವಾರ ಒತ್ತುಶ್ಯಾವಿಗೆ, ಆಮೇಲೆ ಇಡ್ಲಿ, ಅವಲಕ್ಕಿ, ಹಬ್ಬ ಬಂದರೆ ಮೂಡೆ, ಕೊಟ್ಟೆಕಡುಬು. ನಾವು ಇದನ್ನು ದಿನಕ್ಕೊಂದು ತಿಂಡಿ ಅಂತ ಹೇಳಿಕೊಂಡು ಬೀಗುತ್ತೇವೆ. ಒಳಗೆ ಇರುವುದು ಒಂದೇ ಅಕ್ಕಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಅದೇ ಅನ್ನ ಅಥವಾ ಗಂಜಿ. ಕೋಳಿ ಸಾರು ಮಾಡಿದರೆ ಅದಕ್ಕೆ ರೊಟ್ಟಿ, ಅದೂ ಅಕ್ಕಿಯದ್ದು. ಸಂಜೆಯ ಗೋಳಿಬಜೆ, ಬನ್ಸ್ ಮಾತ್ರ ಅಕ್ಕಿಯದ್ದಲ್ಲ, ಅದು ಮೈದಾ. ಬನ್ಸಿಗೆ ಬಾಳೆಹಣ್ಣು ಮತ್ತು ಸಕ್ಕರೆ ಬೇರೆ.

"ನಾನು ಸ್ವಲ್ಪವೇ ಅನ್ನ ಉಣ್ಣುವುದು" ಅನ್ನುತ್ತಿದ್ದ ನನ್ನ ಬಟ್ಟಲನ್ನು ಒಮ್ಮೆ ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟೆ. ಬಟ್ಟಲಿನ ತೂಕ ಕಳೆದು 400 ಗ್ರಾಂ ಅನ್ನ. ನೀರು ಬಸಿದ ಕುಚ್ಚಲಕ್ಕಿ ಅನ್ನ ಅಂತಲೇ ಇಟ್ಟುಕೊಂಡರೂ ಅದರಲ್ಲಿ ಸುಮಾರು ನೂರು ಗ್ರಾಂ ಪಿಷ್ಟ. ಹೊಟ್ಟೆಯಲ್ಲಿ ಅದು ಗ್ಲೂಕೋಸ್ ಆಗುತ್ತದೆ. ಈಗ ಇನ್ನೊಂದು ಲೆಕ್ಕ ಕೇಳಿ: ಆರೋಗ್ಯವಂತರ ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿನಲ್ಲಿ ಇರುವ ಗ್ಲೂಕೋಸ್ ಬರೀ 5 ಗ್ರಾಂ ಆಸುಪಾಸು, ಒಂದು ಟೀ ಚಮಚ. ಅಲ್ಲಿಗೆ ಒಂದೇ ಊಟದಲ್ಲಿ ನೂರು ಗ್ರಾಂ ಬಂದು ಇಳಿದರೆ ಅದನ್ನೆಲ್ಲ ಎಲ್ಲಿಯಾದರೂ ಸಾಗಿಸಬೇಕಲ್ಲ? ಆ ಕೆಲಸಕ್ಕೆ ಇನ್ಸುಲಿನ್ ಬರುತ್ತದೆ. ಹೆಚ್ಚಿನ ಪಾಲು ಹೋಗಬೇಕಾದದ್ದು ಮಾಂಸಖಂಡಕ್ಕೆ.

ನನ್ನ ಅಜ್ಜ ನನಗಿಂತ ಹೆಚ್ಚು ಅಕ್ಕಿ ಉಂಡವರು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿ ಅನ್ನ, ಜೊತೆಗೆ ಉಪ್ಪಿನಕಾಯಿ, ಸಿಕ್ಕಿದರೆ ಒಣಮೀನಿನ ಚಟ್ನಿ. ಹೊಟ್ಟೆ ಅಂತ ಒಂದು ಇರಲೇ ಇಲ್ಲ ಅವರಿಗೆ. ಆದರೆ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುತ್ತಿದ್ದ ಗದ್ದೆಯಲ್ಲಿ ಅವರು ನಿಲ್ಲುತ್ತಿದ್ದರು. ಮೈಯೊಳಗಿನ ಪತ್ತಾಯ, ಅಂದರೆ ಅಕ್ಕಿ ತುಂಬಿಡುವ ಕಣಜ, ದಿನಾ ಸಂಜೆ ಖಾಲಿ, ಮರುದಿನ ಅಕ್ಕಿ ಬಂದರೆ ಹಾಕಲಿಕ್ಕೆ ಜಾಗ ಉಂಟು. ನನ್ನದು ಸಹಕಾರಿ ಸಂಘದ ಕುರ್ಚಿ. ಬಸ್ಸಿನಿಂದ ಇಳಿದು ಮೆಟ್ಟಿಲು ಹತ್ತಿದರೆ ಆ ದಿನದ ದುಡಿಮೆ ಮುಗಿಯಿತು. ಪತ್ತಾಯ ತುಂಬಿಯೇ ಇರುತ್ತದೆ, ಆದ್ದರಿಂದ ಮೇಲೆ ಬಂದದ್ದನ್ನು ಲಿವರ್ ಕೊಬ್ಬು ಮಾಡಿ ಇಡುತ್ತದೆ. ಆ ಗದ್ದೆಯಲ್ಲಿ ಒಂದು ಪಾಲು ಅಡಿಕೆ ತೋಟ ಆಯಿತು, ಒಂದು ಪಾಲು ಸೈಟ್ ಆಯಿತು. ಬಟ್ಟಲಿನ ಅಳತೆ ಮಾತ್ರ ಅಜ್ಜನದ್ದೇ ಉಳಿಯಿತು.

ಹಾಗಾಗಿ ನಾನು ಮಾಡಿದ್ದು ಇಷ್ಟೆ. ಬಾದಾಮಿ ಹಿಟ್ಟಿನ ರೊಟ್ಟಿ, ಆವಕಾಡೊ, ಚೀಸು ಅಂತ ಯಾವುದಕ್ಕೂ ಹೋಗಲಿಲ್ಲ. ಪಿಷ್ಟ ತೀರಾ ಬಿಟ್ಟು ಕೊಬ್ಬು ತಿನ್ನುವ ಯೂಟ್ಯೂಬಿನ ಕೀಟೋ ಅಡುಗೆ ನೋಡಿದರೆ ಉಡುಪಿಯವರು ಸಾಮಾನು ತರಲಿಕ್ಕೆ ವಿಮಾನ ಹತ್ತಬೇಕು. ನಮ್ಮ ಅಡುಗೆಮನೆಯಲ್ಲಿ ಅನ್ನದ ಸುತ್ತ ಏನೆಲ್ಲ ಉಂಟೋ ಅದನ್ನೇ ಊಟ ಮಾಡಿದೆ, ಅನ್ನವನ್ನು ಉಪ್ಪಿನಕಾಯಿಯ ಜಾಗಕ್ಕೆ ಸರಿಸಿದೆ.

ನನ್ನ ಮಧ್ಯಾಹ್ನದ ಬಟ್ಟಲು ಹೇಳುತ್ತೇನೆ. ಬಂಗುಡೆ ಪುಳಿಮುಂಚಿ ಎರಡು ಇಡೀ ಮೀನು, ಮಣ್ಣಿನ ಪಾತ್ರೆಯಲ್ಲಿ ಹಿಂದಿನ ದಿನ ಮಾಡಿ ಇಟ್ಟದ್ದಾದರೆ ಇನ್ನೂ ಒಳ್ಳೆಯದು, ಹುಳಿ ಖಾರ ಮುಳ್ಳಿನವರೆಗೆ ಇಳಿದಿರುತ್ತದೆ. ಪುಳಿಮುಂಚಿಗೆ ತೆಂಗಿನಕಾಯಿಯೂ ಬೇಡ. ನೂರು ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನ್, ಪಿಷ್ಟ ಸೊನ್ನೆ. ಬದಿಯಲ್ಲಿ ತೊಂಡೆಕಾಯಿ ಪಲ್ಯ ಒಂದು ದೊಡ್ಡ ರಾಶಿ. ಬಸಳೆ ಇದ್ದ ದಿನ ಅದಕ್ಕೆ ಮರುವಾಯಿ (ಚಿಪ್ಪುಮೀನು) ಅಥವಾ ಸಿಗಡಿ. ಗುಳ್ಳ ಬದನೆಯ ಕಾಲದಲ್ಲಿ ಮಟ್ಟುಗುಳ್ಳದ ಬಜ್ಜಿ, ಕರಿದದ್ದಲ್ಲ, ಗೊಜ್ಜಿನಂಥದ್ದು. ಕೊನೆಗೆ ಒಂದು ಲೋಟ ಒಂದೆಲಗದ ತಂಬುಳಿ. ಅನ್ನ ಅರ್ಧ ಸೌಟು, ಅದೂ ಪುಳಿಮುಂಚಿಯ ರಸ ಒರೆಸಲಿಕ್ಕೆ. ಬೆಳಿಗ್ಗೆ ಎರಡು ಮೊಟ್ಟೆ, ಇಲ್ಲದಿದ್ದರೆ ಕಡ್ಲೆ ಗಸಿ ಅಥವಾ ಹೆಸರುಕಾಳಿನ ಗಸಿ. ಕಾಳಿನಲ್ಲಿ ಪಿಷ್ಟ ಇಲ್ಲವಾ ಅಂತ ಕೇಳುವ ಶುದ್ಧ ಕೀಟೋದವರು ಉಂಟು. ಇದೆ. ಆದರೆ ಜೊತೆಗೆ ನಾರು, ಪ್ರೋಟೀನ್ ಇದೆ, ಮಧ್ಯಾಹ್ನದವರೆಗೆ ಹಸಿವು ನನ್ನನ್ನು ಕೂಗುವುದಿಲ್ಲ. ಮೀನು ತಿನ್ನದವರಿಗೆ ಮೊಸರು, ಪನೀರ್, ಕಾಳು, ಸೋಯಾ. ಸ್ವಲ್ಪ ಕಷ್ಟ, ಆಗದ್ದೇನಲ್ಲ. ಮತ್ತೆ, ತವಾ ಫ್ರೈ ಮಾಡುವಾಗ ರವೆ ಹಚ್ಚಬೇಡಿ. ಮೀನಿಗೆ ರವೆ ಹಚ್ಚುವುದೇ ಒಂದು ಅನ್ಯಾಯ, ತೂಕದ ವಿಷಯ ಬಿಟ್ಟರೂ.

ಸುರುವಿಗೆ ತೂಕ ದಡದಡ ಇಳಿಯುತ್ತದೆ, ಅದನ್ನು ನೋಡಿ ಕುಣಿಯಬೇಡಿ. ಮಾಂಸಖಂಡ ಮತ್ತು ಲಿವರಿನಲ್ಲಿ ಕೂಡಿಟ್ಟ ಗ್ಲೂಕೋಸಿನ ದಾಸ್ತಾನು, ಅಂದರೆ ಗ್ಲೈಕೋಜನ್, ಒಂದೊಂದು ಗ್ರಾಮಿನ ಜೊತೆ ಮೂರು ಗ್ರಾಮಿನಷ್ಟು ನೀರು ಹಿಡಿದಿರುತ್ತದೆ, ಮೊದಲು ಹೋಗುವುದು ಆ ನೀರು. ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನೂ ಹೊರಗೆ ಬಿಡುತ್ತದೆ, ತಲೆನೋವು, ಸುಸ್ತು ಅದರಿಂದಲೇ. ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ನನಗೆ ಸರಿಯಾಗುತ್ತಿತ್ತು. ಬಿಪಿ ಇದ್ದವರು ಇದನ್ನೂ ಡಾಕ್ಟರನ್ನು ಕೇಳಿಯೇ ಮಾಡಿ.

ಹಸಿವನ್ನು ಗೆಲ್ಲಬಹುದು. ಬಡಿಸುವವರನ್ನು ಗೆಲ್ಲುವುದು ಹೇಗೆ ಹೇಳಿ? ನಮ್ಮ ಅತ್ತೆ ಕುಂದಾಪುರ ಕಡೆಯವರು. ಮೊದಮೊದಲು ದಿನಾ ಇದೇ: "ಎಂತ ಹೆಣೇ, ಅನ್ನ ಉಣ್ಣದಿದ್ರೆ ಶಕ್ತಿ ಎಲ್ಲಿಂದ ಬತ್ತ್?" ನಾನು ಬೇಡ ಅನ್ನುವಷ್ಟರಲ್ಲಿ ಸೌಟು ಬಟ್ಟಲಿನ ಮೇಲೆ ಬಂದಾಗಿರುತ್ತಿತ್ತು. ನನ್ನ ಎಚ್‌ಬಿಎ1ಸಿ ಇಳಿದ ರಿಪೋರ್ಟ್ ತೋರಿಸಿದೆ, ಅವರಿಗೆ ನಂಬಿಕೆ ಬರಲಿಲ್ಲ. ಮೆಟ್ಟಿಲಿನಲ್ಲಿ ಮೊಣಕಾಲು ಹಿಡಿದುಕೊಂಡು ನಿಲ್ಲುತ್ತಿದ್ದ ನಾನು ಅಕ್ಕಿ ಚೀಲ ಎತ್ತಿಕೊಂಡು ಬಂದದ್ದು ಕಂಡ ಮೇಲೆ ಮಾತು ನಿಂತಿತು. ಸೌಟು ನಿಲ್ಲಲಿಲ್ಲ. ಹೊರಗೆ ಇನ್ನೂ ಕಷ್ಟ. ಬ್ರಹ್ಮಕಲಶದ ಅನ್ನಸಂತರ್ಪಣೆಯ ಪಂಕ್ತಿಯಲ್ಲಿ ಕೂತು ಅನ್ನ ಬೇಡ ಅಂದರೆ ಬಡಿಸುವ ಹುಡುಗರು ಗಾಬರಿಯಾಗುತ್ತಾರೆ. ಪ್ರಸಾದಕ್ಕೆ ನಾನು ಬೇಡ ಅನ್ನುವುದಿಲ್ಲ. ಅಷ್ಟಮಿಯ ಉಂಡೆ, ಚಕ್ಕುಲಿ ತಿಂದಿದ್ದೇನೆ, ವಿಟ್ಲಪಿಂಡಿಯ ಮರುದಿನ ತೂಕ ನೋಡಲಿಕ್ಕೆ ಹೋಗಿಲ್ಲ. ಹಬ್ಬದಲ್ಲಿ ಯಾರೂ ದಪ್ಪ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ದಪ್ಪ ಆಗುವುದು ಹಬ್ಬ ಅಲ್ಲದ ಮುನ್ನೂರು ಚಿಲ್ಲರೆ ದಿನಗಳಲ್ಲಿ.

ಈಗ ಲೋ ಕಾರ್ಬ್ ಭಕ್ತರಿಗೆ ಬೇಸರ ಆಗುವ ಮಾತು. ಇದು ಹೊಸದೂ ಅಲ್ಲ, ಪವಾಡವೂ ಅಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಅನ್ನುವವರು ಬ್ರೆಡ್ಡು, ಸಕ್ಕರೆ, ಬಟಾಟೆ ಬಿಟ್ಟು ಸಪೂರ ಆದ ಕತೆಯನ್ನು 1863ರಲ್ಲೇ ಅಚ್ಚು ಹಾಕಿಸಿ ಹಂಚಿದ್ದರು. ಇನ್ನು 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಎರಡು ಪಾಲು ಮಾಡಿ, ಒಬ್ಬರಿಗೆ ಕೊಬ್ಬು ಕಡಿಮೆ, ಇನ್ನೊಬ್ಬರಿಗೆ ಪಿಷ್ಟ ಕಡಿಮೆ ಅಂತ ಒಂದು ವರ್ಷ ನೋಡಿದರು. ಪಿಷ್ಟ ಬಿಟ್ಟವರು ಸರಾಸರಿ 6 ಕಿಲೋ ಇಳಿದರು, ಕೊಬ್ಬು ಬಿಟ್ಟವರು 5.3 ಕಿಲೋ. ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಎರಡೂ ಕಡೆಯವರಿಗೆ ಸಕ್ಕರೆ ಮೈದಾ ಬಿಡಿ, ತರಕಾರಿ ತಿನ್ನಿ ಅಂತ ಹೇಳಿದ್ದರು. ಹಾಗಾದರೆ ನಾನು ಯಾಕೆ ಅನ್ನವನ್ನೇ ಹಿಡಿದೆ? ನಮ್ಮ ಬಟ್ಟಲಿನಲ್ಲಿ ಅತಿ ಆಗಿದ್ದದ್ದು ಅದು, ಅಷ್ಟೆ. ಪಂಜಾಬಿನಲ್ಲಿ ಹುಟ್ಟಿದ್ದರೆ ಬೇರೆ ಏನನ್ನೋ ಹಿಡಿಯುತ್ತಿದ್ದೆ.

ತೆಂಗಿನೆಣ್ಣೆ ಎಷ್ಟು ಬೇಕಾದರೂ ಕುಡಿಯಿರಿ ಅನ್ನುವ ಗುಂಪಿನವರನ್ನು ನಾನು ಒಪ್ಪುವುದಿಲ್ಲ. ಅದರ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸ್ಯಾಚುರೇಟೆಡ್. ಪಿಷ್ಟ ಬಿಟ್ಟ ಕೆಲವರಿಗೆ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ನನಗೂ ಸ್ವಲ್ಪ ಏರಿತ್ತು, ತುಪ್ಪ ತೆಂಗಿನೆಣ್ಣೆ ತಗ್ಗಿಸಿದ ಮೇಲೆ ಇಳಿಯಿತು. ಮೀನಿನ ಕೊಬ್ಬಿಗೂ ಇದಕ್ಕೂ ಒಂದೇ ಲೆಕ್ಕ ಹಾಕಬೇಡಿ.

ಇದಕ್ಕಿಂತ ಸಿಟ್ಟು ಬರುವುದು "ಒಂದು ವಾರದಲ್ಲಿ ಮಾತ್ರೆ ಬಿಡಿಸುತ್ತೇವೆ" ಅನ್ನುವ ವಾಟ್ಸಾಪ್ ಗುರುಗಳ ಮೇಲೆ. ಡಬ್ಬಿಯಲ್ಲಿ ಪುಡಿ ಮಾರುವವರೂ ಇವರೇ. ಗ್ಲಿಮೆಪಿರೈಡ್‌ನಂಥ ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡೋಸು ತಗ್ಗಿಸದೆ ಏಕ್‌ದಮ್ ಅನ್ನ ನಿಲ್ಲಿಸಿದರೆ ಸಕ್ಕರೆ ಕುಸಿದು ಬಿದ್ದುಹೋಗಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಕೊನೆಗೆ ಗ್ಲಿಫ್ಲೋಜಿನ್ ಬರುವ ಮಾತ್ರೆಗಳ ಅಪಾಯ ಬೇರೆ. ಅದನ್ನು ನುಂಗುತ್ತಾ ಪಿಷ್ಟ ತೀರಾ ಬಿಟ್ಟರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು. ಮೋಸ ಎಲ್ಲಿ ಅಂದರೆ ಗ್ಲೂಕೋಮೀಟರಿನಲ್ಲಿ ಸಕ್ಕರೆ ಜಾಸ್ತಿ ತೋರಿಸದೆಯೂ ಹಾಗೆ ಆಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಗ್ಯಾಸ್ಟ್ರಿಕ್ ಅಂತ ಕಷಾಯ ಕುಡಿದು ಮಲಗುವ ಹೊತ್ತಲ್ಲ ಅದು, ಆಸ್ಪತ್ರೆಗೆ ಓಡುವ ಹೊತ್ತು. ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಈ ಬರಹ ಓದಿ ಏನೂ ಮಾಡಬೇಡಿ.

ದುಡ್ಡಿನ ಮಾತು ಬಿಟ್ಟರೆ ಅದು ಸುಳ್ಳು ಬರಹ ಆಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಒತ್ತಿಕೊಂಡು ನಿಂತಿರುತ್ತವೆ. ನಾಡದೋಣಿಯವರು ತಂದ ಮೀನಿಗೆ ಬೆಲೆ ಕೇಳಿದರೆ ಬುಟ್ಟಿ ಮುಟ್ಟಲಿಕ್ಕೇ ಹೆದರಿಕೆ. ಆಗ ನಮ್ಮ ಮನೆಯಲ್ಲಿ ಮೊಟ್ಟೆ, ಕಣಿಲೆ (ಎಳೆ ಬಿದಿರು), ಚಗಟೆ ಸೊಪ್ಪು. ನಮ್ಮ ಮನೆ ಬಾಗಿಲಿಗೆ ಮೀನು ತರುವ ಅಕ್ಕ ಒಬ್ಬರಿದ್ದಾರೆ. ನನ್ನ ಕತೆ ಕೇಳಿ ನಕ್ಕು, "ನಿಮ್ಗೆ ಅನ್ನ ಬೇಡ ಹೇಳ್ಲಿಕ್ಕೆ ಆಗ್ತದೆ ಅಮ್ಮ. ನಮ್ಮಲ್ಲಿ ಮಾರಿ ಉಳಿದ್ರೆ ಮೀನು, ಇಲ್ಲದಿದ್ರೆ ರೇಷನ್ ಅಕ್ಕಿ" ಅಂದರು. ಅವರ ಕಾಲಿಗೂ ಈಗ ಜೋಮು ಹಿಡಿಯುತ್ತದಂತೆ, ಶುಗರ್ ಇನ್ನೂರರ ಮೇಲಂತೆ. ಅನ್ನಭಾಗ್ಯದ ಅಕ್ಕಿ ಹಸಿವು ನೀಗಿಸಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆ ಚೀಲದ ಜೊತೆ ಎರಡು ಕಿಲೋ ಹೆಸರುಕಾಳು ಬಂದರೆ ಇವರಂಥವರಿಗೆ ನನ್ನ ಉಪದೇಶಕ್ಕಿಂತ ಹೆಚ್ಚು ಉಪಕಾರ ಆಗುತ್ತದೆ. ತೂಕ ಇಳಿಸುವುದು ಬರೀ ಮನಸ್ಸು ಗಟ್ಟಿ ಮಾಡುವ ವಿಷಯ ಅಂತ ಭಾಷಣ ಬಿಗಿಯುವವರು ಒಮ್ಮೆ ಅವರ ಬುಟ್ಟಿ ಹೊತ್ತು ನಡೆದು ನೋಡಲಿ.

"ಡಯಟ್ ಚಾರ್ಟ್ ಕಳಿಸಿ ಅಕ್ಕ" ಅಂದವರಿಗೆ: ಇಲ್ಲ, ನನ್ನ ಹತ್ತಿರ ಚಾರ್ಟ್ ಇಲ್ಲ, ಇದ್ದರೂ ಕಳಿಸುವುದಿಲ್ಲ. ನಿಮ್ಮ ಮಾತ್ರೆ ಯಾವುದು ಅಂತ ನನಗೆ ಗೊತ್ತಿಲ್ಲ. ಮೊದಲು ನಿಮ್ಮ ಬಟ್ಟಲಿನ ಅನ್ನ ಒಮ್ಮೆ ತೂಗಿ ನೋಡಿ. ಎಚ್‌ಬಿಎ1ಸಿ, ಲಿಪಿಡ್, ಕ್ರಿಯಾಟಿನಿನ್ ಮಾಡಿಸಿ, ಮಾತ್ರೆ ಚೀಟಿ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಬಸಳೆ ಮರುವಾಯಿ ಮಾಡುವ ಕ್ರಮ ಕೇಳಿದವರಿಗೆ ಬೇರೆ ಬರೆಯುತ್ತೇನೆ. ಅದು ಅತ್ತೆಯ ಕೈರುಚಿ, ಅವರನ್ನು ಕೇಳದೆ ಫೇಸ್‌ಬುಕ್ಕಿಗೆ ಹಾಕಿದರೆ ನಾಳೆ ನನ್ನ ಬಟ್ಟಲಿಗೆ ಎರಡು ಸೌಟು ಅನ್ನ ಬೀಳುತ್ತದೆ.